ನನ್ನ ಮೊದಲ ಕಲೆ

ಚೌಡವ್ವ: ಮೊದ್ಲ ಅದನ್ನ ಗ್ವಾಡಿಯಿಂದ ಇಳಸ್ತೀಯೋ, ಇಲ್ಲಾ ನಾನ ಸ್ಟೂಲ್ ಹತ್ತಲ್ಯೋ?

ಮೈಲೇಶ: ಚಿಗವ್ವಾ, ಕೈ ಮುಗೀತೇನಿ. ಇನ್ನೇನ ಬೆಂಗಳೂರಿಂದ ಮ್ಯೂಸಿಯಂನವರು ಬಂದಬಿಡ್ತಾರ. ಇಡೀ ಪ್ರದರ್ಶನದಾಗ ಮುಖ್ಯ ಇರೂದ ಇದು.

ಚೌಡವ್ವ: ಉಚ್ಚಿ ಹೊಯ್ದ ಕೌದಿ ಮುಖ್ಯ! ಹಂಗಾರ ಉಳಿದದ್ದು ಎಂಥಾದ್ದಿದ್ದೀತು! ಹತ್ತು ಮಂದಿ ಮುಂದ ಮನಿ ಮರ್ಯಾದಿ ತೂಗಹಾಕೀಯಲ್ಲೋ, ಇಳಸು!

ಬ್ಯಾಡಗಿಯ ಹಳೆಯ ಮೆಣಸಿನಕಾಯಿ ಗೋದಾಮಿಗೆ ಸುಣ್ಣ ಬಳಿಸಿ, ದೀಪ ಹಾಕಿಸಿ, ಮೈಲೇಶ ಅದನ್ನು ಚಿತ್ರಶಾಲೆ ಮಾಡಿದ್ದ. ಬಾಗಿಲ ಮೇಲೆ ‘ನಾನು ಯಾರು?’ ಎಂದು ಆಳೆತ್ತರದ ಬೋರ್ಡು. ಒಳಗೆ ಎತ್ತ ತಿರುಗಿದರೂ ಅವನದೇ ಮೂಗು, ಅವನದೇ ಗಡ್ಡ. ದೇವರ ಗುಡಿಯಲ್ಲೂ ಒಬ್ಬ ದೇವರಿಗೆ ಇಷ್ಟು ಮುಖ ಇರುವುದಿಲ್ಲ. ನಡುಗೋಡೆಗೆ ಮಾತ್ರ ಒಂದು ಹಳೆಯ ಕೌದಿ. ಹರಕು ಸೀರೆ, ಧೋತರಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದದ್ದು. ಅಗಡಿಯ ಚಿಗವ್ವನ ಮನೆಯಿಂದ ‘ಫೋಟೊ ಹೊಡ್ಕೊಂಡು ಕೊಡ್ತೇನಿ’ ಎಂದು ಹೊತ್ತು ತಂದದ್ದು. ಅದರ ನಡುವೆ ಎರಡು ಕವಲು ಕೂಡಿ ಒಂದಾದಂತೆ ಹಳದಿಗೆಂಪು ಕಲೆ. ಕೆಳಗೊಂದು ಚೀಟಿ: ‘ನನ್ನ ಮೊದಲ ಕಲೆ. ಮೈಲೇಶ ಅಗಡಿ.’

ತಾಯಿ ಸತ್ತ ಮೇಲೆ ಇವನನ್ನು ಸಾಕಿದವಳು ಚಿಗವ್ವ ಚೌಡವ್ವ. ಹಾಗಾಗಿ ಇವನನ್ನು ಬೈಯಲು ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಚೌಡವ್ವ: ಬಾಗಲಿಗೆ ‘ನಾನು ಯಾರು’ ಅಂತ ಬರಸೀದಿ. ಯಾಕ, ಆಧಾರ್ ಕಾರ್ಡ್ ಕಳಕೊಂಡೀಯೇನು?

ಮೈಲೇಶ: ಅದು ಅಸ್ಮಿತೆ ಹುಡುಕೂದು, ಚಿಗವ್ವಾ.

ಚೌಡವ್ವ: ಅಸ್ಮಿತಾ? ಯಾರೋ ಅಕಿ? ನಿನ್ನ ಹೇಣ್ತಿಗೆ ಗೊತ್ತೈತಿಲ್ಲೋ?

ಮೈಲೇಶ: ಹೆಂಗಸಲ್ಲ ಅದು! ಅಸ್ಮಿತೆ ಅಂದ್ರ... ನನ್ನೊಳಗಿನ ನಾನು.

ಚೌಡವ್ವ: ನಿನ್ನೊಳಗ ನೀನಲ್ದ ಬಾಜೂಮನಿಯಾಂವ ಇರ್ತಾನೇನು?

ಮೈಲೇಶ: ನಿನಗ ತಿಳಿಯಂಗಿಲ್ಲ ಬಿಡು. ಇದು ನನ್ನ ಆತ್ಮಕಥಿ. ಮಂದಿ ಬರೀತಾರ, ನಾ ತೂಗಹಾಕೇನಿ. ನಿನ್ನಿ ಬಂದವ್ರು ಇದರ ಮುಂದ ನಿಂತು ಕಣ್ಣಾಗ ನೀರು ತಂದ್ರು, ಗೊತ್ತೇನು?

ಚೌಡವ್ವ: ಈ ಗೋದಾಮಿನಾಗ ವರ್ಷಾನಗಟ್ಟಲೆ ಮೆಣಸಿನಕಾಯಿ ತುಂಬಿದ್ರು. ಆ ಘಾಟಿಗೆ ಅಗಸರ ಕತ್ತಿ ತಂದು ನಿಲ್ಸು, ಕತ್ತೀನೂ ಅಳತೈತಿ.

ಮೈಲೇಶ ಉತ್ತರ ಕೊಡಲು ಬಾಯಿ ತೆರೆದ. ಬಂದದ್ದು ಸೀನು. ಮೂಗು ಒರೆಸಿಕೊಂಡು, ಗುರುಗಳಂತೆ ಬೆರಳು ಚಾಚಿದ.

ಮೈಲೇಶ: ನೋಡಿಲ್ಲೆ. ಎಡಗಡಿದು ತುಂಗಭದ್ರಾ, ಬಲಗಡಿದು ವರದಾ. ಗಳಗನಾಥದಾಗ ಕೂಡಿಧಂಗ ಇಲ್ಲಿ ಕೂಡ್ಯಾವ. ಕೂಸಿದ್ದಾಗ ನಿದ್ದಿಗಣ್ಣಾಗ ನಾ ಬಿಡಿಸಿದ ಮೊದಲನೇ ಚಿತ್ರ. ಚೀಟಿ ಓದು.

ಚೌಡವ್ವ: ನನ್ನ... ಮೊದಲ... ಕಲೆ. ಹ್ಞೂಂ. ‘ಕಲೆ’ ಅನ್ನೂದು ಖರೇ ಬರದೀದಿ. ಎಷ್ಟು ಸಬಕಾರ ಹಚ್ಚಿದ್ರೂ ಹೋಗಲಿಲ್ಲ ಅದು. ‘ನನ್ನ’ ಅನ್ನೂದು ಸುಳ್ಳು.

ಮೈಲೇಶ: ಅಂದ್ರ?

ಚೌಡವ್ವ: ನಿಂದಲ್ಲ. ನಾಗಪ್ಪಂದು. ಸುಳ್ಳು ಬರದದ್ದು ತೂಗಹಾಕಬಾರದು. ಇಳಸು.

ಆತ್ಮಕಥೆಯ ಮೊದಲ ಪುಟವನ್ನೇ ಯಾರೋ ಹರಿದು ಹುರಿಗಡಲೆ ಕಟ್ಟಿಕೊಂಡು ಹೋದಂತೆ ಮೈಲೇಶ ಸ್ಟೂಲಿನ ಮೇಲೆ ಕುಸಿದ.

ಮೈಲೇಶ: ಹಂಗಾರ ಇದಕ್ಕ ನನಗ್ಯಾಕ ಕಸಬರಗಿಲೆ ಬಾರಸ್ತಿದ್ದಿ?

ಚೌಡವ್ವ: ಅಂವ ಓಡ್ತಿದ್ದ. ನೀ ಕೈಗೆ ಸಿಗ್ತಿದ್ದಿ.

ಅಷ್ಟರಲ್ಲಿ ನಾಗಪ್ಪನೇ ಬಂದ. ಚೌಡವ್ವನ ಮಗ, ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ. ಕೌದಿ ಒಯ್ಯಲು ಗಾಡಿ ತಾ ಎಂದು ತಾಯಿಯೇ ಫೋನು ಮಾಡಿದ್ದಳು.

ನಾಗಪ್ಪ: ಯವ್ವಾ, ಗಿರಾಕಿ ಬಿಟ್ಟು ಬಂದೇನಿ, ಲಗೂ ಮಾಡು. ಏನದು ಒಯ್ಯೂದು... (ಗೋಡೆ ನೋಡಿ) ನಂದಲ್ಲ!

ಮೈಲೇಶ: ಇನ್ನೂ ಯಾರೂ ಕೇಳೇ ಇಲ್ಲಲೇ!

ನಾಗಪ್ಪ: ರೂಢಿಪಾ. ಈ ಕೌದಿ ಕಂಡ್ರ ಬಾಯಾಗ ತಾನ ಬರ್ತೈತಿ.

ಮೈಲೇಶ: ಕೇಳಿದ್ಯಾ ಚಿಗವ್ವಾ? ಅಂವನ ಒಲ್ಲೆ ಅಂದ. ಇದು ನಂದ! ಬೆಂಗಳೂರಾಗ ಗಾಜಿನ ಪೆಟಿಗ್ಯಾಗ ಇಟ್ಟು, ಕೆಳಗ ಹಿತ್ತಾಳಿ ಮ್ಯಾಲ ಹೆಸರು ಕೆತ್ತಸ್ತಾರ.

ನಾಗಪ್ಪ: ...ಯಾರ ಹೆಸರು?

ಮೈಲೇಶ: ಕಲಾವಿದಂದು. ನಂದು.

ನಾಗಪ್ಪ ಚಾಳೀಸು ಮೂಗಿಗೇರಿಸಿ ಕೌದಿಯ ಹತ್ತಿರ ಹೋದ. ಬಿತ್ತನೆ ಬೀಜ ಆರಿಸುವವನಂತೆ ಕಲೆಯನ್ನು ಮೇಲಿಂದ ಕೆಳಗೆ ನೋಡಿದ.

ನಾಗಪ್ಪ: ತಡೀ ತಡೀ. ಎಡಗಡೆ ಯಾರು ಮಲಗ್ತಿದ್ರು? ನಾನು. ತುಂಗಭದ್ರಾ ನಂದು.

ಮೈಲೇಶ: ಈಗರ ‘ನಂದಲ್ಲ’ ಅಂದೆಲ್ಲಲೇ!

ನಾಗಪ್ಪ: ಅದು ಹೊಡತಕ್ಕ ಅಂಜಿ ಅಂದದ್ದು. ಹಿತ್ತಾಳಿ ಮಾತು ಬ್ಯಾರೆ. ವರದಾ ಬೇಕಾರ ನೀ ಇಟ್ಕೋ.

ಮೈಲೇಶ: ಸಣ್ಣ ಹೊಳಿ ನನಗ್ಯಾಕಲೇ?

ಚೌಡವ್ವ: ಆಗ ಇಬ್ರೂ ‘ನಂದಲ್ಲ, ನಂದಲ್ಲ’ ಅಂತಿದ್ರಿ. ಈಗ ಇಬ್ರೂ ‘ನಂದು, ನಂದು’ ಅಂತೀರಿ. ಹೊಲಕ್ಕ ವಾರಸುದಾರರು ಜಗಳಾಡಿದ್ದು ನೋಡಿದ್ನಿ, ಉಚ್ಚಿಗೆ ಇವತ್ತ ನೋಡಾಕತ್ತೇನಿ! ಮಂದಿ ಬರೂದ್ರಾಗ ಇಳಸ್ರೆಲೇ!

ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ಗಂಡಸರಿಗೆ ಅದು ಕಾಣಲಿಲ್ಲ. ಅವರಿಗೆ ನದಿ ಪಾಲು ಮಾಡುವ ಕೆಲಸವಿತ್ತು.

ನಾಗಪ್ಪ: ಸುಮ್ನ ಬಾಯಿ ಬ್ಯಾಡ. ಬೀಜದ ತಳಿ ಮ್ಯಾಲ ತಕರಾರು ಬಂದ್ರ ನಾವು ಲ್ಯಾಬಿಗೆ ಕಳಸ್ತೇವಿ. ಇದರದೂ ಒಂದು ತುಣುಕು ಕತ್ತರಿಸಿ ಕಳಸೋಣು. ಯಾ ತಳಿ ಅಂತ ಅವ್ರ ಹೇಳ್ತಾರ.

ಮೈಲೇಶ: ಕಳಸು! ಆ ರಿಪೋರ್ಟನ್ನೂ ಬಾಜೂಕ ತೂಗಹಾಕ್ತೇನಿ!

ಚೌಡವ್ವ: ಲ್ಯಾಬು ಗೀಬು ಏನೂ ಬ್ಯಾಡ.

ನಾಗಪ್ಪ: ಯಾಕ ಯವ್ವಾ?

ಚೌಡವ್ವ: ಬ್ಯಾಡಂದ್ರ ಬ್ಯಾಡ.

ಮೈಲೇಶ: ಕಲಾ ಅಂದ್ರ ಸತ್ಯ, ಚಿಗವ್ವಾ. ಸತ್ಯ ಹೊರಗ ಬರಲೇಬೇಕು.

ಚೌಡವ್ವ: ಬರ್ಬೇಕು? ಹಂಗಾರ ಹೇಳ್ರಿ, ಈ ಕೌದಿ ಹೊಲದಾಕಿ ಯಾರು?

ನಾಗಪ್ಪ: ದ್ರಾಕ್ಷಾಯಿಣಿ ಅಮ್ಮ. ನಿನ್ನ ಹಡದವ್ವ.

ಚೌಡವ್ವ: ಯಾವಾಗ?

ನಾಗಪ್ಪ: ನೀ ಹುಟ್ಟಿದಾಗ ಅಂತ ನೀನ ಹೇ...

ನಾಗಪ್ಪ ಕೌದಿ ನೋಡಿದ, ತಾಯಿಯನ್ನು ನೋಡಿದ. ಚೌಡವ್ವ ಸೆರಗಿನ ಅಂಚು ತಿರುವುತ್ತ ನೆಲ ನೋಡಿದಳು.

ಚೌಡವ್ವ: ಸಣ್ಣಾಕಿದ್ದಾಗ ಕನಸಿನಾಗ ಹೊಳಿ ದಂಡಿಗೆ ಹೋಗಿದ್ನಿ. ನಡುವ ಒಂದ್ಸಲ ಮಗ್ಗಲಾ ಬದಲಿಸೇನಿ. ಅದಕ್ಕ ಎರಡು ಕವಲು.

ಮೈಲೇಶ: ಮತ್ತ ನಮಗ ಹೊಡದದ್ದು?

ಚೌಡವ್ವ: ಲಗ್ನಾಗಿ ಬರೂಮುಂದ ಇದನ್ನ ತಂದಿದ್ನಿ. ನೀವು ಹುಟ್ಟಿದಮ್ಯಾಲ ಒಂದಿನ ‘ಇದು ಯಾರದು’ ಅಂತ ಇವರಪ್ಪ ಕೇಳಿದ್ರ ಏನ್ ಹೇಳ್ಲಿ? ‘ಹುಡುಗರದು’ ಅಂದ್ನಿ. ಅಂದಮ್ಯಾಲ ಹೊಡೀಬೇಕಲ್ಲಾ? ನೀವೂ ಹೊಯ್ದಿಲ್ಲಂತಲ್ಲ. ನಿಮ್ಮದು ಒಂದ ಒಗತಕ್ಕ ಹೋಗ್ತಿತ್ತು. ನಂದು ಬ್ಯಾಡಗಿ ಬಣ್ಣ, ಕುಂತದ್ದು ಕುಂತ ಬಿಡ್ತು.

ಬಾಗಿಲಲ್ಲಿ ಸಾಲಾಗಿ ಸೀನು ಕೇಳಿಸಿದವು. ಮ್ಯೂಸಿಯಂನವರು ಬಂದಿದ್ದರು. ಮುಂದಿದ್ದ ಹೆಂಗಸು ಕೌದಿಯ ಎದುರು ನಿಂತು, ಕನ್ನಡಕ ತೆಗೆದು, ಸುರಿಯುವ ಕಣ್ಣು ಒರೆಸಿಕೊಂಡಳು.

ಹೆಂಗಸು: ಅಬ್ಬಾ! ಮನಸ್ಸು ತುಂಬಿ ಬಂತು. ಈ ಕಲೆ ಯಾರದು?

ಮೈಲೇಶ, ನಾಗಪ್ಪ (ಒಂದೇ ಉಸಿರಿಗೆ): ನಂದಲ್ರಿ!

ಚೌಡವ್ವ ಇಬ್ಬರನ್ನೂ ಒಮ್ಮೆ ನೋಡಿದಳು, ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು, ಎರಡು ಹೆಜ್ಜೆ ಮುಂದೆ ಬಂದಳು.

ಚೌಡವ್ವ: ನಂದರಿ. ಆದ್ರ ಈಗ ಬಿಟ್ಟೇನ್ರಿ.