ದಪ್ಪ ಹೆಜ್ಜೆ ಬೇಕೇ?

ಬೆಡ್‌ಶೀಟಿನ ಎರಡು ತುದಿ ಅತ್ತೆಯ ಕೈಯಲ್ಲಿದ್ದವು, ಎರಡು ಅವಳ ಕೈಯಲ್ಲಿ. ನಡುವೆ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಕೂತು ಪ್ರಶ್ನೆ ಕೇಳುತ್ತಿತ್ತು. ನೆರಳು ಬೇಕೇ? ಹಳೆಯ ನೆರಳು ಬೇಕೇ? ಹಳೆಯದು ಬೇಡವೆಂದರೆ ಹೊಸ ನೆರಳನ್ನು ಹಳೆಯ ರೀತಿಯಲ್ಲೇ ಬೀಳಿಸಬೇಕೇ? ಶೀಟು ಮಡಿಸಲು ಮುಂದೆ ಬಂದಾಗಲೆಲ್ಲ ಅವಳು ಕಿರುಬೆರಳಿನಿಂದ ಒಂದು ಉತ್ತರ ಒತ್ತಿ ಮತ್ತೆ ಹಿಂದೆ ಸರಿಯುತ್ತಿದ್ದಳು.

"ಏನೇ ಇದು, ಇಷ್ಟೊಂದು ಕೇಳತ್ತೆ?" ಎಂದರು ಅತ್ತೆ. "ನೀನು ಈ ಮನೆಗೆ ಬಂದಾಗ ನಾನೂ ಇಷ್ಟು ಕೇಳಿರಲಿಲ್ಲ."

"ನೀವು ಕೇಳಿದ್ರಿ ಅತ್ತೆ. ಆದ್ರೆ ಒಂದ್ಸಲ ಹೇಳಿದ್ದನ್ನ ನೆನಪಿಟ್ಕೊಂಡ್ರಿ. ಇದು ದಿನಾ ಹೊಸದಾಗಿ ಕೇಳತ್ತೆ."

ಅವಳ ಕಂಪನಿ ಕಂಪ್ಯೂಟರ್ ಆಟಗಳನ್ನು ಮಾಡುತ್ತಿತ್ತು. ಎಲ್ಲ ಆಟಗಳ ಅಡಿಯಲ್ಲೂ ಇರುವುದು ಒಂದೇ ಎಂಜಿನ್. ಅಂದರೆ ಹತ್ತಾರು ಜನ ಹತ್ತಾರು ವರ್ಷ ಬರೆದು ಗುಡ್ಡೆ ಹಾಕಿದ ಪ್ರೋಗ್ರಾಮುಗಳ ರಾಶಿ. ಆ ರಾಶಿಯನ್ನು ಒಟ್ಟುಗೂಡಿಸಿ ಓಡುವ ಆಟವನ್ನಾಗಿ ಕಟ್ಟುವುದಕ್ಕೆ ಬಿಲ್ಡ್ ಎಂದು ಹೆಸರು. ಪ್ರತಿ ಬಿಲ್ಡಿಗೂ ಮೊದಲು ಹೌದು, ಇಲ್ಲ ಎನ್ನುವ ನೂರಾರು ಸ್ವಿಚ್ಚುಗಳನ್ನು ದಾಟಬೇಕು. ಕಂಪನಿಗೆ ಬಂದವರೆಲ್ಲ ತಮ್ಮದೊಂದು ಇರಲಿ ಎಂದು ಸೇರಿಸಿದ್ದರು. ಹೋಗುವಾಗ ತೆಗೆದುಕೊಂಡು ಹೋದವರಿಲ್ಲ. ಅವುಗಳನ್ನು ಕಾಯುವ ಕುರ್ಚಿ ವರ್ಷಗಳಿಂದ ಅವಳದು. ಬೆನ್ನ ಹಿಂದೆ ಅವಳನ್ನು ಎಲ್ಲರೂ ಸ್ವಿಚ್ಚಮ್ಮ ಎನ್ನುತ್ತಿದ್ದರು. ಇತ್ತೀಚೆಗೆ ಬೆನ್ನು ತಿರುಗುವವರೆಗೂ ಕಾಯುತ್ತಿರಲಿಲ್ಲ.

ಅವಳಿಗೆ ಬೇಕಾಗಿದ್ದುದು ಸಮುದ್ರ. ಮುಂದಿನ ಆಟದಲ್ಲಿ ಒಂದು ಸಮುದ್ರ ಬರುವುದಿತ್ತು. ಅಲೆ ಏಳುವುದು, ಬಾಗುವುದು, ಒಡೆದು ಮರಳಿನೊಳಗೆ ಇಂಗುವುದು, ಇದನ್ನೆಲ್ಲ ಯಾರಾದರೂ ಬರೆಯಬೇಕು. ಪಾತ್ರೆ ತೊಳೆಯುವಾಗ ಬೋಗುಣಿಯ ನೀರು ಅಲುಗಿದರೂ ಅವಳ ಕೈ ನಿಂತುಬಿಡುತ್ತಿತ್ತು. ನಲ್ಲಿ ಸುಮ್ಮನೆ ಹರಿಯುತ್ತಿದೆ ಎಂದು ಗಂಡ ಕೂಗಿದಾಗಲೇ ಎಚ್ಚರ. ಇನ್ನೊಬ್ಬರ ಬೇಕು ಬೇಡಗಳಿಗೆ ಉತ್ತರ ಒತ್ತುತ್ತ ತನ್ನ ಆಯಸ್ಸು ಸವೆಯುತ್ತಿದೆ ಎನ್ನುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಅತ್ತೆಯ ಕೈಯಿಂದ ಶೀಟಿನ ಒಂದು ತುದಿ ಜಾರಿ ಕೀಲಿಗಳ ಮೇಲೆ ಬಿತ್ತು. ಲ್ಯಾಪ್‌ಟಾಪ್ ಯಾವುದಕ್ಕೋ ಹೌದೆಂದುಕೊಂಡು ಮುಂದೆ ಹೋಯಿತು. ಯಾವುದಕ್ಕೆಂದು ಅವಳು ನೋಡಲಿಲ್ಲ.

ಆಫೀಸಿಗೆ ಹೋಗಿ ನೋಡಿದರೆ ಆಟದೊಳಗಿನ ಸೈನಿಕರೆಲ್ಲ ಮೊಣಕಾಲಿನವರೆಗೆ ನೆಲದಲ್ಲಿ ಹೂತುಹೋಗಿದ್ದರು. ಆ ಸ್ಥಿತಿಯಲ್ಲೂ ಗಂಭೀರವಾಗಿ ಕವಾಯತು ಮಾಡುತ್ತಿದ್ದರು. ಬಾಸ್ ಎರಡೂ ಕೈ ಹಿಂದೆ ಕಟ್ಟಿ ಪರದೆಯನ್ನು ನೋಡುತ್ತ ನಿಂತಿದ್ದರು.

"ಏನಮ್ಮ, ಸೈನ್ಯ ಯುದ್ಧಕ್ಕೆ ಹೊರಟಿದೆಯೋ, ಕೆಸರು ತುಳಿಯೋಕೋ?"

ಬೇರೆ ದಿನವಾಗಿದ್ದರೆ ತಪ್ಪಾಯಿತು ಎಂದು ತಲೆ ತಗ್ಗಿಸುತ್ತಿದ್ದಳು. ಇವತ್ತು ಬಾಯಿಗೆ ಬೇರೆಯೇ ಮಾತು ಬಂತು. ಸ್ವಿಚ್ಚುಗಳು ವಿಪರೀತವಾಗಿವೆ, ಸಂಜೆಯೊಳಗೆ ಬೆರಳೆಣಿಕೆಗೆ ಇಳಿಸಿಕೊಡುತ್ತೇನೆ, ಆಮೇಲೆ ಈ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಬಹುದು, ನನ್ನನ್ನು ಸಮುದ್ರಕ್ಕೆ ಬಿಡಿ ಎಂದಳು. ಬಾಸ್ ಒಪ್ಪಿದರು. ಒಂದೇ ಷರತ್ತು: ಯಾರ ಮನಸ್ಸೂ ನೋಯಬಾರದು, ಎಲ್ಲರನ್ನೂ ಕೇಳಿಯೇ ತೆಗೆಯಬೇಕು.

ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಮೊದಲು ಹೋದದ್ದು ಶಬ್ದದವನ ಹತ್ತಿರ. ಆಟದೊಳಗಿನ ಸದ್ದುಗಳೆಲ್ಲ ಅವನವು. 'ದಪ್ಪ ಹೆಜ್ಜೆ' ಎನ್ನುವ ಸ್ವಿಚ್ ಬೇಕೇ ಎಂದು ಕೇಳಿದಾಗ, ಮೂತ್ರಪಿಂಡ ದಾನ ಕೇಳಿದವಳನ್ನು ನೋಡುವ ಹಾಗೆ ನೋಡಿದ. ಅದಿಲ್ಲದಿದ್ದರೆ ಸೈನಿಕರ ನಡಿಗೆ ಒದ್ದೆ ಬಟ್ಟೆಯ ಮೇಲೆ ಬೆಕ್ಕು ನಡೆದ ಹಾಗೆ ಕೇಳುತ್ತದೆ ಎಂದು ವಿವರಿಸಿದ. ಚಿತ್ರ ಬರೆಯುವ ಬಣ್ಣದಕ್ಕನಿಗೆ 'ಮೃದು ಸಂಜೆ' ಪ್ರಾಣ. ಅದನ್ನು ತೆಗೆದರೆ ಆಟದ ಆಕಾಶವೆಲ್ಲ ಆಸ್ಪತ್ರೆಯ ಗೋಡೆಯಂತಾಗುತ್ತದಂತೆ. ಎಂಜಿನ್ನಿನ ಮೊದಲ ಸಾಲು ಬರೆದವನು ಎಂಬ ಕಾರಣಕ್ಕೆ ಕೂದಲು ಕಪ್ಪಗಿದ್ದಾಗಲೇ ಅಜ್ಜ ಎನಿಸಿಕೊಂಡಿದ್ದವನು ಕುರ್ಚಿಯಿಂದ ಏಳಲೂ ಇಲ್ಲ.

"ಯಾವುದನ್ನೂ ಮುಟ್ಟಬೇಡಿ ಮೇಡಂ. ಯಾವುದು ಯಾವುದಕ್ಕೆ ಆಧಾರವಾಗಿದೆಯೋ ನನಗೇ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ಮೇಲೆ ಬೇಕು ಅಂತ ಹೇಗೆ ಹೇಳ್ತೀರಿ?"

"ಅದಕ್ಕೇ ಹೇಳ್ತಿರೋದು," ಎಂದ ಅಜ್ಜ, ಎಲ್ಲ ಸ್ಪಷ್ಟವಾಯಿತಲ್ಲ ಎನ್ನುವಂತೆ.

ಮಧ್ಯಾಹ್ನ ಊಟದ ಕೋಣೆಯಲ್ಲಿ ಮೂವರೂ ಒಂದಾದರು. ಡಬ್ಬಿಗಳ ಮುಚ್ಚಳ ತೆರೆಯುವ ಮೊದಲೇ ಅವಳ ಸುತ್ತ ಕೂತು ಮಾತು ಶುರು ಮಾಡಿದರು. ಸ್ವಿಚ್ಚುಗಳ ವಿಷಯ ಹೇಗೂ ಎದ್ದಿದೆಯಲ್ಲ, 'ಇನ್ನೂ ದಪ್ಪ ಹೆಜ್ಜೆ' ಅಂತ ಒಂದು ಇರಲಿ ಎಂದ ಶಬ್ದದವನು. ಹಾಗಾದರೆ ತನಗೊಂದು 'ಮೃದು ಬೆಳಗು' ಬೇಕೇ ಬೇಕು ಎಂದಳು ಬಣ್ಣದಕ್ಕ. ಕಳೆ ಕೀಳಲು ಹೋದವಳು ಬೀಜ ಬಿತ್ತಿ ಬಂದ ಹಾಗೆ, ಎರಡು ಹೊಸ ಸ್ವಿಚ್ಚುಗಳನ್ನು ತಲೆಯ ಮೇಲೆ ಹೊತ್ತುಕೊಂಡು ಅವಳು ತನ್ನ ಜಾಗಕ್ಕೆ ಬಂದಳು.

ಅಳು ಬರುವುದರಲ್ಲಿತ್ತು, ಬರಲು ಬಿಡಲಿಲ್ಲ. ಅಷ್ಟು ಬೇಕೆನ್ನುವ ದಪ್ಪ ಹೆಜ್ಜೆ ಒಳಗೆ ಏನು ಮಾಡುತ್ತದೆ ನೋಡಿಯೇ ಬಿಡುತ್ತೇನೆಂದು, ಆ ಉತ್ತರದ ಬೆನ್ನು ಹಿಡಿದು ಪ್ರೋಗ್ರಾಮಿನೊಳಗೆ ಹೊರಟಳು. ಉತ್ತರ ಒಂದು ಕಡತದಿಂದ ಇನ್ನೊಂದಕ್ಕೆ ಹೋಗಿತ್ತು, ಅಲ್ಲಿಂದ ಮತ್ತೊಂದಕ್ಕೆ. ಎಲ್ಲ ಕಡೆಯೂ ಅದಕ್ಕೆ ಜಾಗವಿತ್ತು, ಮರ್ಯಾದೆಯಿತ್ತು. ಕೊನೆಗೆ ಒಂದು ಮೂಲೆಯಲ್ಲಿ ಕೂತುಬಿಟ್ಟಿತ್ತು. ಅದನ್ನು ಓದುವವರು ಯಾರೂ ಇರಲಿಲ್ಲ. ಯಾವುದೋ ಕಾಲದಲ್ಲಿ ಯಾರೋ ಸಂಬಂಧ ಕತ್ತರಿಸಿದ್ದರು. ಹೌದೆಂದರೂ ಒಂದೇ, ಇಲ್ಲವೆಂದರೂ ಒಂದೇ. ಮೃದು ಸಂಜೆಯ ಕತೆಯೂ ಅದೇ. ಒಂದೊಂದಾಗಿ ನೋಡುತ್ತ ಹೋದಳು: ಬೆಡ್‌ಶೀಟು ಒತ್ತಿದ್ದೂ ಸೇರಿ ಕೆಲವೇ ಕೆಲವಕ್ಕೆ ಜೀವವಿತ್ತು. ಉಳಿದವು ಸುಮ್ಮನೆ ವಿಚಾರಿಸಿಕೊಳ್ಳುತ್ತಿದ್ದವು, ಮನೆಗೆ ಬಂದವರನ್ನು ಊಟ ಆಯಿತಾ ಎಂದು ಕೇಳಿ ಒಳಗೆ ಹೋಗಿಬಿಡುವವರ ಹಾಗೆ.

ಶಬ್ದದವನನ್ನು ಕರೆದಳು. ಒಂದೇ ನಡಿಗೆಯನ್ನು ಎರಡು ಸಲ ಕೇಳಿಸಿದಳು. ಮೊದಲನೆಯದು ದಪ್ಪ ಹೆಜ್ಜೆ ಇಲ್ಲದ್ದು, ಎರಡನೆಯದು ಇರುವುದು ಎಂದಳು.

ಅವನು ಕಣ್ಣು ಮುಚ್ಚಿ ಕೇಳಿದ. "ಮೊದಲನೇದರಲ್ಲಿ ಜೀವವೇ ಇಲ್ಲ ಮೇಡಂ. ಎರಡನೇದು ಎದೆಗೇ ಬಂದು ತಾಗುತ್ತೆ."

ನಿಜ ಹೇಳಬೇಕೆಂದೇ ಅವನನ್ನು ಕರೆದಿದ್ದಳು. ಆ ಮುಖ ನೋಡಿದ ಮೇಲೆ ಆಗಲಿಲ್ಲ. ಮಗು ನಿದ್ದೆಯಲ್ಲಿ ನಗುವಾಗ ಎಬ್ಬಿಸುವುದು ಹೇಗೆ? ಆದರೆ ದಾರಿ ಮಾತ್ರ ಕಣ್ಣಿಗೆ ಬಿದ್ದಿತ್ತು. ಜೀವವಿದ್ದ ಸ್ವಿಚ್ಚುಗಳಲ್ಲಿ, ಆಟ ಓಡಬೇಕಾದದ್ದು ಯಾವ ಯಂತ್ರದಲ್ಲಿ ಎಂದು ಕೇಳುವುದೊಂದನ್ನು ಉಳಿಸಿ ಬೇರೆಲ್ಲವನ್ನೂ ಸರಿಯಾದ ಉತ್ತರಕ್ಕೆ ಕಾಯಂ ಮಾಡಿಬಿಟ್ಟಳು. ಸತ್ತ ಸ್ವಿಚ್ಚುಗಳ ಉತ್ತರಗಳು ಒಳಗೆ ಅಲೆಯದಂತೆ ಬಾಗಿಲಲ್ಲೇ ತಡೆದಳು. ಪರದೆಯ ಮೇಲೆ ಮಾತ್ರ ಎಲ್ಲರ ಸ್ವಿಚ್ಚುಗಳೂ ಮೊದಲಿನಂತೆಯೇ ಇದ್ದವು. ಹೊಸ ಎರಡೂ ಇದ್ದವು. ಮೊದಲೆಲ್ಲ ಒಂದು ಉತ್ತರ ಬದಲಾದರೂ ಇಡೀ ಎಂಜಿನ್ನನ್ನು ಬುಡದಿಂದ ಕಟ್ಟಬೇಕಾಗುತ್ತಿತ್ತು. ಈಗ ಆ ಕಾಟ ತಪ್ಪಿತು. ಬಿಲ್ಡ್ ಎಷ್ಟು ಬೇಗ ಮುಗಿಯಿತೆಂದರೆ ಅವಳೇ ಅನುಮಾನಪಟ್ಟು ಇನ್ನೊಮ್ಮೆ ಮಾಡಿ ನೋಡಿದಳು. ಸೈನಿಕರು ನೆಲದ ಮೇಲೆ ಬಂದು ನಿಂತಿದ್ದರು.

ಯಾರ ಸ್ವಿಚ್ಚನ್ನೂ ತೆಗೆದಿಲ್ಲ, ಒಳಗಡೆ ಸ್ವಲ್ಪ ಒಪ್ಪ ಮಾಡಿದ್ದೇನೆ ಎಂದು ಎಲ್ಲರಿಗೂ ಹೇಳಿದಳು. ಸುಳ್ಳೇನೂ ಅಲ್ಲ. ಇನ್ನೂ ದಪ್ಪ ಹೆಜ್ಜೆಯನ್ನು ಒತ್ತಿದ ಶಬ್ದದವನು, ಇಂಥ ಹೆಜ್ಜೆ ಹುಟ್ಟಿದಾಗಿನಿಂದ ಕೇಳಿಲ್ಲವೆಂದ. ಬಣ್ಣದಕ್ಕ ಮೃದು ಬೆಳಗನ್ನು ಪಕ್ಕದ ವಿಭಾಗದವರಿಗೆಲ್ಲ ಕರೆದು ತೋರಿಸಿದಳು. ಅಜ್ಜ ಮಾತ್ರ, ಮುಟ್ಟಬೇಡಿ ಅಂದಿದ್ದಕ್ಕೆ ಉಳಿಯಿತು ನೋಡಿ ಎಂದು ಶ್ರೇಯಸ್ಸನ್ನು ತಾನೇ ಎತ್ತಿಕೊಂಡ.

ಸಂಜೆ ಬಾಸ್ ಕೋಣೆಗೆ ಅವಳು ಗೆದ್ದವಳ ಹಾಗೆಯೇ ಹೋದಳು. ಅವರೂ ಖುಷಿಯಲ್ಲಿದ್ದರು.

"ಕೂತ್ಕೊಳ್ಳಮ್ಮ. ಮೂರು ಜನಾನೂ ಬಂದು ಹೋದ್ರು. ನಿಮ್ಮ ಹಾಗೆ ತಮ್ಮ ಕಷ್ಟ ಕೇಳೋರು ಯಾರೂ ಇಲ್ಲ, ನಿಮ್ಮನ್ನ ಆ ಕುರ್ಚಿಯಿಂದ ಎಬ್ಬಿಸಬಾರದು ಅಂದ್ರು. ಇಷ್ಟು ಪ್ರೀತಿ ಸಂಪಾದಿಸಿದವರನ್ನ ನಾನು ಹೇಗೆ ಬಿಡಲಿ?"

"ಮತ್ತೆ ಸಮುದ್ರ, ಸರ್?"

"ಅಜ್ಜನಿಗೆ ಕೊಟ್ಟೆ. ಬಿಲ್ಡ್ ಬೇಗ ಮುಗಿಯೋ ಹಾಗೆ ಮಾಡಿದ್ರಲ್ಲ, ಬಿಲ್ಡ್ ಮುಗಿಯೋದನ್ನ ಕಾಯೋದೇ ಕೆಲಸವಾಗಿದ್ದ ಅವನಿಗೆ ಈಗ ದಿನವೆಲ್ಲ ಬಿಡುವು. ಬಿಡುವಿರೋರಿಗೆ ತಾನೆ ಹೊಸ ಕೆಲಸ ಕೊಡಬೇಕು?" ಆಮೇಲೆ ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡು ದನಿ ತಗ್ಗಿಸಿದರು. "ಎಲ್ಲರಿಗೂ ಒಂದೊಂದಿದೆ. ನನಗೂ ಒಂದು ಸ್ವಿಚ್ ಹಾಕಿಕೊಡಿ. 'ಉತ್ತಮ ಗುಣಮಟ್ಟ' ಅಂತ."

ಅಲ್ಲೇ ಹಾಕಿಕೊಟ್ಟಳು. ಅವರು ಹೌದು ಒತ್ತಿ, ಆಟವನ್ನು ನೋಡಿ, ವ್ಯತ್ಯಾಸ ಎದ್ದು ಕಾಣುತ್ತದೆ ಎಂದರು.

ಅವಳು ತನ್ನ ಕುರ್ಚಿಗೆ ಮರಳಿ ಕೂತಳು. ಎದ್ದು ಒಂದೇ ಒಂದು ಮಾತು ಹೇಳಿದರೆ ಮೂರು ಜನರ ಮುಖ ಬಾಡುತ್ತಿತ್ತು, ಬಾಸ್‌ರದೂ ಸೇರಿ ನಾಲ್ಕು. ಸಮುದ್ರವಂತೂ ಆಗಲೂ ಸಿಗುತ್ತಿರಲಿಲ್ಲ. ಕೂತಲ್ಲಿಯೇ ಇನ್ನೊಂದು ವಿಷಯ ನಿಧಾನವಾಗಿ ಹೊಳೆಯಿತು. ಈ ಕುರ್ಚಿಯಲ್ಲಿ ನಾಳೆಯಿಂದ ಮಾಡುವುದಕ್ಕೆ ಕೆಲಸವೇ ಇಲ್ಲ. ಅದು ಗೊತ್ತಿರುವುದು ಅವಳೊಬ್ಬಳಿಗೆ.

ಆ ಕಡೆಯಿಂದ ಹೋಗುತ್ತಿದ್ದ ಬಣ್ಣದಕ್ಕ, ಇನ್ನೂ ಆ ಸ್ವಿಚ್ಚುಗಳ ಜೊತೆಯೇ ಹೆಣಗುತ್ತಿದ್ದೀರಾ ಎಂದು ಕನಿಕರಿಸಿದಳು.

"ಏನು ಮಾಡೋದಕ್ಕ," ಎಂದು ಅವಳು ಹೊಸದೊಂದು ಕಡತ ತೆರೆದಳು. "ಮುಗಿಯೋ ಕೆಲಸಾನಾ ಇದು?"

ಮೊದಲ ಸಾಲಿನಲ್ಲಿ ಒಂದು ಅಲೆಯ ಎತ್ತರ ಬರೆದಳು. ಅಜ್ಜನೂ ತನ್ನ ಸಮುದ್ರ ಬರೆಯಲಿ, ಪಾಪ, ಬೇಡವೆನ್ನಲು ತಾನ್ಯಾರು? ಅವನದು ತಯಾರಾದ ದಿನ ಅದಕ್ಕೂ ಪರದೆಯ ಮೇಲೆ ಒಂದು ಸ್ವಿಚ್ ಇಡುತ್ತಾಳೆ, ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ. ಅವನು ಏನು ಒತ್ತಿದರೂ ಆಟದಲ್ಲಿ ಏಳುವುದು ಈ ಅಲೆಯೇ. ಬಿಲ್ಡ್ ದಿನವೂ ಅವನನ್ನು ಮರ್ಯಾದೆಯಿಂದ ಕೇಳುತ್ತದೆ: ಅಜ್ಜನ ಸಮುದ್ರ ಬೇಕೇ?