ಮಂಗಳವಾರದ ಇ-ಮೇಲೂ ನಿಂಗಮ್ಮತ್ತೆಯ ಕಾಗೆಯೂ

ನೇಮವಾಗಿ ಬದುಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಭಯ. ದಿನವೂ ಒಂದೇ ಹೊತ್ತಿಗೆ ಏಳುವವರು, ಊಟಕ್ಕೆ ಮುಂಚಿನ ಮಾತ್ರೆ ಮರೆಯದವರು, ಶನಿವಾರ ತಪ್ಪದೆ ಕೆಂಗಲ್ ಆಂಜನೇಯನಿಗೆ ಹೋಗಿ ಬರುವವರು, ಇವರೆಲ್ಲ ಏನು ತಿಂದು ಹುಟ್ಟಿದರೋ ನನಗೆ ತಿಳಿಯದು. ನಾನು ವಾಕಿಂಗ್ ಎಷ್ಟು ಸಲ ಹಿಡಿದೆನೋ ಅಷ್ಟೇ ಸಲ ಬಿಟ್ಟಿದ್ದೇನೆ. ಒಪ್ಪತ್ತು ಮಾಡುತ್ತೇನೆಂದು ಮನೆಯಲ್ಲೆಲ್ಲ ಸಾರಿ, ಮಧ್ಯಾಹ್ನಕ್ಕೆ ಅದನ್ನು ಮರೆತು ಹೋಟೆಲಿನಲ್ಲಿ ಉಪ್ಪಿಟ್ಟು ತಿನ್ನುತ್ತ ಸಿಕ್ಕಿಬಿದ್ದಿದ್ದೇನೆ. ಇಂಥ ನಾನು ಜೀವಮಾನದಲ್ಲಿ ತಪ್ಪದೆ ನಡೆಸಿಕೊಂಡು ಬಂದ ನೇಮ ಒಂದೇ ಒಂದು. ಪ್ರತಿ ಮಂಗಳವಾರ ಬೆಳಿಗ್ಗೆ ಏಳಕ್ಕೆ ನಮ್ಮ ಗಿರಾಕಿಗಳಿಗೆಲ್ಲ ಒಂದು ಇ-ಮೇಲ್ ಕಳಿಸುವುದು. ಅದರಿಂದ ಏನೇನಾಯಿತು ಎಂದು ಹೇಳಿದರೆ ನಾಳೆಯಿಂದ ನೀವೂ ಹಲ್ಲುಜ್ಜುವುದನ್ನು ಬಿಟ್ಟೀರಿ.

ನಮ್ಮದು ಕುದೂರು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇತ್ತು. ಎಲ್ಲರ ಕೈಗೂ ಫೋನು ಬಂದ ಮೇಲೆ ಅದು ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು. ಆಗ ಮನೆಯನ್ನು ಎತ್ತಿ ಹಿಡಿದದ್ದು ನನ್ನ ಸೋದರತ್ತೆ ನಿಂಗಮ್ಮನ ಹುರಿಹಿಟ್ಟು. ಅತ್ತೆಯನ್ನು ಮರಳವಾಡಿಗೆ ಕೊಟ್ಟಿದ್ದರು. ಗಂಡ ಬೇಗ ಹೋಗಿಬಿಟ್ಟ, ಮಕ್ಕಳಿರಲಿಲ್ಲ. ತವರಿಗೆ ಬಂದವಳು ತಾಯಿಯಿಲ್ಲದ ನನ್ನನ್ನು ಸಾಕಿದಳು, ನನಗೆ ಮದುವೆ ಮಾಡಿಸಿದಳು, ಆಮೇಲೆ ನನ್ನ ಹೆಂಡತಿ ಜಯಲಕ್ಷ್ಮಿಯನ್ನು ತನ್ನ ಪಕ್ಷಕ್ಕೆ ಸೇರಿಸಿಕೊಂಡು ಇಬ್ಬರೂ ಸೇರಿ ನನ್ನನ್ನು ಬೈಯತೊಡಗಿದರು. ಅತ್ತೆ ರಾಗಿಯನ್ನು ನೆನೆಸಿ, ಆರಿಸಿ, ಕಾದ ಮರಳಿನಲ್ಲಿ ಅರಳು ಹುರಿದಳೆಂದರೆ ಬೀದಿಯ ಕೊನೆಯವರೆಗೂ ಘಮಘಮ. ಆ ವಾಸನೆಯನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ತನಕ ಮುಟ್ಟಿಸುವುದು ನನ್ನ ಪಾಲಿನ ಕೆಲಸ.

ಅದಕ್ಕಾಗಿ ರಾಮನಗರದಲ್ಲಿ ಸಣ್ಣ ವ್ಯಾಪಾರಸ್ಥರಿಗೆಂದು ನಡೆದ ಪುಕ್ಕಟೆ ತರಬೇತಿಗೆ ಹೋದೆ. ನನ್ನ ಒಂದು ಪಕ್ಕ ಚನ್ನಪಟ್ಟಣದ ಬೊಂಬೆ ಸಾಹೇಬರು, ಇನ್ನೊಂದು ಪಕ್ಕ ಕನಕಪುರದ ರೇಷ್ಮೆ ಸೀರೆಯವರು. ಪಾಠ ಹೇಳಿದ ಮೇಡಂಗೆ ನನ್ನ ಮಗಳಾಗುವಷ್ಟು ವಯಸ್ಸು. ಆಕೆ ಹೇಳಿದ್ದು ಇಷ್ಟು. ಕೇಳದವರಿಗೆ ಮೇಲ್ ಕಳಿಸಬೇಡಿ. ವಾರಕ್ಕೊಂದೇ ಕಳಿಸಿ, ಅದೇ ದಿನ, ಅದೇ ಹೊತ್ತು. ಒಂದು ಮೇಲಿಗೆ ಒಂದೇ ವಿಷಯ. ಕಂಪನಿಯ ಹಾಗೆ ಬರೆಯಬೇಡಿ, ಮನೆಯವರ ಹಾಗೆ ಬರೆಯಿರಿ. ಕೊನೆಯಲ್ಲಿ ಕೊಳ್ಳುವವರು ಒತ್ತಲು ಒಂದು ಲಿಂಕು ಇರಲಿ. ಯಾವ ಮೇಲನ್ನು ಜನ ತೆರೆದು ಓದಿದರು ಎಂದು ನೋಡಿಕೊಂಡು ಮುಂದಿನದನ್ನು ಬರೆಯಿರಿ. ಯಾರಾದರೂ ಉತ್ತರ ಬರೆದರೆ ಅವತ್ತೇ ಮರುತ್ತರ ಹೋಗಲಿ. "ಆಮೇಲೆ ಒಂದು ಮಾತು, ನಂಬಿಕೆ ಕಳ್ಕೋಬೇಡಿ ಸರ್. ಹೋದ್ರೆ ಬರಲ್ಲ," ಎಂದಳು. ಬೊಂಬೆ ಸಾಹೇಬರು ಇದನ್ನೆಲ್ಲ ಬರೆದುಕೊಂಡರು. ನಾನು ತಲೆಯಾಡಿಸಿದೆ.

ಆಶ್ಚರ್ಯವೆಂದರೆ ನೇಮ ನಿಂತಿತು. ಭಾನುವಾರ ಬರೆಯುವುದು, ಸೋಮವಾರ ತಿದ್ದುವುದು, ಮಂಗಳವಾರ ಏಳಕ್ಕೆ ಅದು ತಾನಾಗಿ ಹೋಗುವಂತೆ ಕಟ್ಟಿಡುವುದು. ಮೊದಮೊದಲು ರಾಗಿಯ ಗುಣಗಾನ ಬರೆದೆ. ಸುಣ್ಣದ ಅಂಶ, ನಾರಿನ ಅಂಶ, ಸಕ್ಕರೆ ಕಾಯಿಲೆ. ನಾಯಿಯೂ ಮೂಸಲಿಲ್ಲ. ಒಂದು ವಾರ ಬರೆಯಲು ಏನೂ ತೋಚದೆ, ಅತ್ತೆಗೆ ಮಂಡಿನೋವು, ಆದರೂ ಒಲೆಯ ಮುಂದಿನಿಂದ ಏಳಲು ಒಪ್ಪುವುದಿಲ್ಲ ಎಂದು ಬರೆದೆ. ಅರ್ಧಕ್ಕರ್ಧ ಜನ ತೆರೆದು ಓದಿದರು. ಆಮೇಲೆ ಅತ್ತೆಯ ಕೆಮ್ಮು, ಅತ್ತೆಯ ಕಣ್ಣಿನ ಪೊರೆ, ಬಚ್ಚಲಲ್ಲಿ ಅತ್ತೆ ಜಾರಿದ್ದು. ಶೋಭಾ ಎಂಬ ಒಬ್ಬ ಗಿರಾಕಿಯಂತೂ ವಾರವಾರವೂ "ಅಜ್ಜಿ ಹೇಗಿದ್ದಾರೆ?" ಎಂದು ವಿಚಾರಿಸಿ ಉತ್ತರ ಬರೆಯತೊಡಗಿದರು. ಬರಬರುತ್ತ ನನಗೊಂದು ಕೆಟ್ಟ ಚಾಳಿ ಅಂಟಿತು. ಭಾನುವಾರ ಬೆಳಿಗ್ಗೆ ಅತ್ತೆಯ ಎದುರು ಕೂತು, "ಏನತ್ತೆ, ಎಲ್ಲಾದ್ರೂ ನೋವಾ?" ಎಂದು ಆಸೆಯಿಂದ ಕೇಳುತ್ತಿದ್ದೆ. "ಇಲ್ಲ ಕಣ್ಲಾ ನಂಜ, ಚೆನ್ನಾಗಿವ್ನಿ," ಎಂದರೆ ಮುಖ ಸಪ್ಪೆ ಮಾಡಿಕೊಂಡು ಎದ್ದು ಬರುತ್ತಿದ್ದೆ. ಹೆತ್ತಮ್ಮನಂತೆ ಸಾಕಿದವಳು ಚೆನ್ನಾಗಿದ್ದಾಳೆಂದು ಬೇಜಾರು ಮಾಡಿಕೊಂಡ ಮಗ ಇಡೀ ಮಾಗಡಿ ತಾಲ್ಲೂಕಿಗೆ ನಾನೊಬ್ಬನೇ ಇರಬೇಕು.

ಹೀಗಿರುವಾಗ ಒಂದು ದಿನ ಅಂಗಳದಲ್ಲಿ ರಾಗಿ ಹರವುತ್ತಿದ್ದ ಅತ್ತೆಯ ತಲೆಗೆ ಕಾಗೆಯೊಂದು ಬಂದು ಬಡಿದು ಹಾರಿಹೋಯಿತು. ನಮ್ಮ ಕಡೆ ಕಾಗೆ ತಲೆ ಮುಟ್ಟಿತೆಂದರೆ ಸಾವಿನ ಕರೆ. ಅದಕ್ಕೆ ಪರಿಹಾರವೂ ಉಂಟು. ಮುಟ್ಟಿಸಿಕೊಂಡವರು ಸತ್ತೇಹೋದರು ಎಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಅದನ್ನು ನಂಬಿ ಮನಸಾರೆ ಅಳಬೇಕು. ಆ ಕಣ್ಣೀರು ಬಿದ್ದರೆ ಸಾವು ಬಂದು ಹೋದ ಹಾಗೆ, ಗಂಡಾಂತರ ಕಳೆದ ಹಾಗೆ. ಆದ್ದರಿಂದ ಮರಳವಾಡಿಯ ಸಿದ್ದಪ್ಪ ಮಾವನಿಗೆ, ಎಂದರೆ ಅತ್ತೆಯ ಮೈದುನನಿಗೆ, ಫೋನು ಮಾಡಿದೆ.

"ಮಾವ, ಅತ್ತೆ ಹೋಗ್ಬುಟ್ಲು."

"ಯಾವಾಗ ಮುಟ್ತು ಕಾಗೆ?" ಎಂದ ಮಾವ. ಹಿಂದೆ ಟೀವಿ ಓಡುತ್ತಿತ್ತು.

"ಬೆಳಿಗ್ಗೆ," ಎಂದುಬಿಟ್ಟೆ.

"ಹೂಂ, ಅಳ್ತೀವಿ ಬುಡು. ಅತ್ಗೆಗೆ ಒಸಿ ಹುಷಾರಾಗಿರು ಅನ್ನು."

ಊರಿಗೆಲ್ಲ ಗೊತ್ತಿರುವ ಸುಳ್ಳು ಹೇಳಿ ಯಾರನ್ನು ಅಳಿಸುವುದು? ಎಲ್ಲರೂ ಗೋಳಾಡಿದರು ಎಂದು ಅತ್ತೆಗೆ ಹೇಳಿದೆ. ಅವಳು ನನ್ನನ್ನೇ ನೋಡಿ, "ಸುಳ್ ಬೊಗಳ್ಬ್ಯಾಡ ಕಣ್ಲಾ. ಸಿದ್ದಪ್ಪ ಅವನ ಹೆಂಡ್ತಿ ಸತ್ತಾಗ್ಲೇ ಅಳ್ನಿಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಮಾರನೆಯ ದಿನವೂ ಏಳಲಿಲ್ಲ. ಮುದ್ದೆ ಮುಟ್ಟಲಿಲ್ಲ, ಕಾಫಿ ಮುಟ್ಟಲಿಲ್ಲ. ಡಾಕ್ಟರು ಬಂದು ನೋಡಿ ಕಾಯಿಲೆ ಏನೂ ಇಲ್ಲ ಎಂದು ಗ್ಲೂಕೋಸ್ ಹಾಕಿ ಹೋದರು. ದಿನದಿನಕ್ಕೂ ಅತ್ತೆ ಇಳಿದುಹೋದಳು. ಕಣ್ಣು ಗುಳಿಬಿದ್ದವು. ನನಗೆ ನಿಜವಾಗಿ ಹೆದರಿಕೆಯಾಯಿತು. ಅವ್ವ ಸತ್ತಾಗ ಬಿದ್ದು ಅಳುವುದಕ್ಕೆ ಇವಳ ಮಡಿಲಿತ್ತು. ಇವಳೇ ಹೋದರೆ ನಾನು ಎಲ್ಲಿ ಹೋಗಿ ಅಳಲಿ?

ಜಯಲಕ್ಷ್ಮಿ ಸೋಮವಾರ ಸಂಜೆ ನನ್ನ ಹತ್ತಿರ ಬಂದು ಕೂತಳು. "ನಿಮ್ಮ ಬೆಂಗ್ಳೂರವ್ರು ಇದ್ದಾರಲ್ಲ, ಅಜ್ಜಿ ಅಜ್ಜಿ ಅಂತ ಬರೀತಾರಲ್ಲ, ಅವ್ರಿಗೆ ಕಾಗೆ ವಿಚಾರ ಗೊತ್ತಿರಾಕಿಲ್ಲ," ಎಂದಳು.

"ನಂಬಿಕೆ ಕಳ್ಕೋಬೇಡಿ ಅಂತ ಮೇಡಂ ಹೇಳವ್ರೆ ಕಣೆ."

"ಮೇಡಮ್ಮ ನಿಮ್ಮನ್ನ ಸಾಕ್ಲಿಲ್ಲ," ಎಂದಳು ಜಯಲಕ್ಷ್ಮಿ.

ಕೂತು ಬರೆದೆ. ನಮ್ಮ ನಿಂಗಮ್ಮತ್ತೆ ಇನ್ನಿಲ್ಲ ಎಂದು ಶುರು ಮಾಡಿದವನು, ಅವಳು ನನಗೆ ಎಣ್ಣೆ ಹಚ್ಚಿ ನೀರೆರೆದದ್ದು, ತನ್ನ ಬಳೆ ಮಾರಿ ಜೆರಾಕ್ಸ್ ಮೆಷಿನ್ ಕೊಡಿಸಿದ್ದು, ಎಲ್ಲವನ್ನೂ ಬರೆದು, ಪಕ್ಕದ ಕೋಣೆಯಲ್ಲಿ ಅವಳು ನರಳುವುದು ಕೇಳಿಸುತ್ತಿರುವಾಗಲೇ ಅವಳು ಸತ್ತಳೆಂದು ಕಣ್ಣೀರು ಹಾಕಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿರಲಿಲ್ಲ. ಮಂಗಳವಾರ ಏಳಕ್ಕೆ ಮೇಲ್ ಹೋಯಿತು. ಹೋದ ಮೇಲೆ ನೋಡುತ್ತೇನೆ, ಪ್ರತಿ ಮೇಲಿನಲ್ಲೂ ಇರುವ ಕೊನೆಯ ಸಾಲನ್ನು ತೆಗೆಯಲು ಮರೆತಿದ್ದೇನೆ. "ಈ ವಾರದ ಹುರಿಹಿಟ್ಟು ತಾಜಾ ಇದೆ, ಬೇಕಾದವರು ಇಲ್ಲಿ ಒತ್ತಿ."

ತೆರೆಯದವರೇ ಇಲ್ಲವೆನ್ನಬೇಕು. ಉತ್ತರಗಳು ಮಳೆ ಸುರಿದ ಹಾಗೆ ಬಂದವು. ಅತ್ತೆಯ ಹಾಸಿಗೆಯ ಪಕ್ಕ ಕೂತು ಒಂದೊಂದನ್ನೇ ಓದಿದೆ. ಶೋಭಾ ಅವರು ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತರಂತೆ, ತಮ್ಮ ಸ್ವಂತ ಅಜ್ಜಿ ಹೋದಾಗಲೂ ಹಾಗೆ ಅತ್ತಿರಲಿಲ್ಲವಂತೆ. ಅತ್ತೆ ನಿಧಾನಕ್ಕೆ ಈ ಕಡೆ ತಿರುಗಿದಳು. "ಅದ ಇನ್ನೊಂದ್ಸಲ ಓದು," ಎಂದಳು. ಓದಿದೆ. "ನಿಜ್ವಾಗ್ಲೂ ಅತ್ತವ್ಳಾ?" "ಅತ್ತವ್ರೆ ಅತ್ತೆ." ಮಧ್ಯಾಹ್ನಕ್ಕೆ ಎದ್ದು ಕೂತು ಮುದ್ದೆ ಬಸ್ಸಾರು ಕೇಳಿದಳು. ಉಂಡು ಕೈ ತೊಳೆದು, "ಕಂಡೋರೆಲ್ಲ ಇಷ್ಟು ಅತ್ತವ್ರೆ, ನಿನ್ನ ಕಣ್ಣಾಗೆ ಒಂದ್ ಹನಿ ಕಾಣೆ," ಎಂದು ನನ್ನನ್ನು ಬೈದಾಗ ಅತ್ತೆ ಉಳಿದಳೆಂದು ನನಗೆ ಖಾತ್ರಿಯಾಯಿತು. ಕೊನೆಯ ಸಾಲನ್ನು ಒತ್ತಿದವರೂ ಬಹಳ ಮಂದಿ. ಸೂತಕದ ಮನೆಯ ಹಿಟ್ಟು ಎಂಬುದನ್ನೂ ಲೆಕ್ಕಿಸದೆ ಜನ ಹೀಗೆ ಕೊಳ್ಳುತ್ತಾರಲ್ಲ ಎಂದು ಜಯಲಕ್ಷ್ಮಿ ಬೆರಗಾದಳು. ಅತ್ತೆ ಮಾತ್ರ ಸೆರಗು ಬಿಗಿದು, ತಾನು ಸತ್ತದ್ದಕ್ಕೆ ಬಂದ ಆರ್ಡರಿಗೆಲ್ಲ ತಾನೇ ರಾಗಿ ಹುರಿಯಲು ಕೂತಳು.

ಮುಂದಿನ ಮಂಗಳವಾರ ಸತ್ಯ ಬರೆದೆ. ಅತ್ತೆ ಬದುಕಿದ್ದಾಳೆ, ಹೀಗೆ ಕಾಗೆ ಮುಟ್ಟಿತ್ತು, ಹೀಗೆ ನಮ್ಮ ಪದ್ಧತಿ, ನಿಮ್ಮ ಕಣ್ಣೀರಿನಿಂದ ಅವಳು ಉಳಿದಳು, ತಪ್ಪಾಯಿತು, ಕ್ಷಮಿಸಿ. ಅದನ್ನು ತೆರೆದವರು ಬೆರಳೆಣಿಕೆಯಷ್ಟು. ಸಾವನ್ನು ಓದಿದವರಿಗೆ ಬದುಕನ್ನು ಓದುವ ಪುರುಸೊತ್ತು ಇರಲಿಲ್ಲ. ಓದಿದವರಲ್ಲಿ ಕೆಲವರು, ಹಿಟ್ಟು ಮಾರುವುದಕ್ಕೆ ಮನೆಯ ಮುದುಕಿಯನ್ನು ಸಾಯಿಸುವ ನೀಚರು ನೀವು ಎಂದು ಬರೆದು ಪಟ್ಟಿಯಿಂದ ಹೆಸರು ತೆಗೆಸಿಕೊಂಡರು. ಶೋಭಾ ಒಬ್ಬರು ಮಾತ್ರ ಬಿದ್ದು ಬಿದ್ದು ನಕ್ಕರಂತೆ. ಮಿಕ್ಕವರ ಪಾಲಿಗೆ ಅತ್ತೆ ಸತ್ತವಳಾಗಿಯೇ ಉಳಿದಳು. ನಾನು ಮತ್ತೆ ಮತ್ತೆ ಹೇಳಲು ಹೋಗಲಿಲ್ಲ.

ಆಷಾಢ ಬಂತು. ಒಂದು ಮಧ್ಯಾಹ್ನ ಅತ್ತೆ ಮಡಿಲಲ್ಲಿ ಮೊರ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಕರೆದರೆ ಮಾತಿಲ್ಲ. ಮುಟ್ಟಿದರೆ ತಣ್ಣಗಿದ್ದಳು. ಯಾವ ಕಾಗೆಯೂ ಬಂದಿರಲಿಲ್ಲ.

ಮರಳವಾಡಿಗೆ ಫೋನು ಮಾಡಿದೆ. "ಮಾವ, ಅತ್ತೆ ಹೋಗ್ಬುಟ್ಲು ಮಾವ," ಎಂದೆ.

"ತಿರ್ಗಾ ಮುಟ್ತಾ?" ಎಂದ ಮಾವ. ನಾನು ಗೋಳೋ ಎಂದು ಅತ್ತೆ. ಮಾವ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಹೋದ್ಸಲಕ್ಕಿಂತ ಈ ಸಲ ಚೆನ್ನಾಗಿ ಅಳ್ತಾ ಇದ್ದೀಯ ಕಣ್ಲಾ," ಎಂದು ಫೋನಿಟ್ಟ. ಜಯಲಕ್ಷ್ಮಿ ಮಾಡಿದಾಗ ಎತ್ತಲೇ ಇಲ್ಲ.

ಮಾರನೆಯ ದಿನ ಮಧ್ಯಾಹ್ನದವರೆಗೂ ಕಾದೆವು. ಇನ್ನು ಇಡಬಾರದು ಎಂದರು ಊರವರು. ಮಣ್ಣು ಮಾಡಿ ಬಂದೆವು. ಕುದೂರಿನ ಸಂತೆಗೆ ಬಂದಿದ್ದ ಯಾರೋ ಹೇಳಿದ ಮೇಲೆ ಮಾವ ಗುಡ್ಡೆಗೆ ಹಾಲುತುಪ್ಪ ಬಿಡುವ ದಿನಕ್ಕೆ ಓಡಿ ಬಂದ. ಗುಡ್ಡೆಯ ಮಣ್ಣು ಇನ್ನೂ ಹಸಿಯಾಗಿತ್ತು. ಹೆಂಡತಿ ಸತ್ತಾಗಲೂ ಅಳದಿದ್ದ ಮನುಷ್ಯ ಅದರ ಮುಂದೆ ಕುಕ್ಕರಿಸಿ, "ಅತ್ಗೆ ಮುಖಾನೂ ತೋರಿಸ್ಲಿಲ್ವಲ್ಲೋ ನಂಜ," ಎಂದು ಮಗುವಿನ ಹಾಗೆ ಅತ್ತ. ಅದನ್ನು ಓದಿ ಹೇಳಿ ಅತ್ತೆಯನ್ನು ಎಬ್ಬಿಸುವ ಹಾಗಿರಲಿಲ್ಲ.

ಅಷ್ಟರಲ್ಲಿ ಮಂಗಳವಾರ ಬಂತು. "ಈ ವಾರ ಬ್ಯಾಡ ಬುಡಿ, ಅವ್ರೆಲ್ಲ ಆಗ್ಲೇ ಅತ್ತಾಗೈತೆ," ಎಂದಳು ಜಯಲಕ್ಷ್ಮಿ. ಅವಳ ಮಾತು ಸರಿಯಾಗಿಯೇ ಇತ್ತು. ಆದರೆ ಅತ್ತೆಯನ್ನು ಸುಳ್ಳಾಗಿ ಸಾಯಿಸಿದವನು ನಿಜವಾಗಿ ಸತ್ತದ್ದನ್ನು ಹೇಳದೆ ಹೇಗಿರಲಿ? ಬರೆಯಲು ಕೂತೆ. ಬರೆಯಬೇಕಾದದ್ದನ್ನೆಲ್ಲ ಹೋದ ಸಲವೇ ಬರೆದು ಮುಗಿಸಿದ್ದೆ. ಬಳೆಯೂ ಇಲ್ಲ, ಎಣ್ಣೆನೀರೂ ಇಲ್ಲ. ಅತ್ತೆ ಹೋದಳು, ಈ ಸಲ ನಿಜ, ಎಂದಷ್ಟೇ ಬರೆದೆ. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ಯಾವ ತಲೆಬರಹ ಕೊಟ್ಟರೆ ಹೆಚ್ಚು ಜನ ತೆರೆದಾರು ಎಂದು ಬಹಳ ಹೊತ್ತು ಯೋಚಿಸಿದೆ.

ಏಳಕ್ಕೆ ಹೋಯಿತು. ಸಂಜೆಯ ತನಕ ಒಂದೇ ಒಂದು ಉತ್ತರ, ಶೋಭಾ ಅವರದು. "ನಿಮ್ಮೂರ ಕಾಗೆಗೆ ಬೇರೆ ಕೆಲಸವೇ ಇಲ್ಲವೇ? ನಾನು ಈ ಸಲವೂ ಜೋರಾಗಿ ಅತ್ತೆನೆಂದು ಅಜ್ಜಿಗೆ ಹೇಳಿ. ನೂರು ವರ್ಷ ಇರಲಿ. ಒಂದು ಕೆಜಿ ಕಳಿಸಿ." ಕೊನೆಯ ಸಾಲನ್ನು ತೆಗೆಯಲು ನಾನು ಈ ಸಲವೂ ಮರೆತಿದ್ದೆ.

ಒಲೆ ಆರಿತ್ತು, ಅತ್ತೆಯ ಮೊರ ಗೋಡೆಗೆ ಒರಗಿತ್ತು. ಉತ್ತರಕ್ಕೆ ಅವತ್ತೇ ಮರುತ್ತರ ಹೋಗಬೇಕು ಎಂಬುದು ರಾಮನಗರದಲ್ಲಿ ಕಲಿತ ನೇಮ. "ಆಗಲಿ ಮೇಡಂ, ಹೇಳುತ್ತೇನೆ," ಎಂದು ಬರೆದು ಕಳಿಸಿದೆ.