ಗಿಟಾರಣ್ಣನ ರೆಕಾರ್ಡು

ಹೊಸೂರಿನಲ್ಲಿ ಸೋಲ್ ಜಾಜ್ ಗಿಟಾರ್ ನುಡಿಸುವವನ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದರೆ ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬಂದು ಬಾಗಿಲು ತಟ್ಟುತ್ತದೆ. ಸಾಮಾನ್ಯವಾಗಿ ಭಾನುವಾರ, ನಾನು ಬಟ್ಟೆ ಒಗೆಯುವಾಗ.

ಗಿಟಾರಣ್ಣ ಫ್ಯಾಕ್ಟರಿಯಲ್ಲಿ ಲೇತ್ ಆಪರೇಟರ್. ಕೋಲಾರದ ಕಡೆಯವನು. ಮೆಷಿನ್ ಕೂರಿಸಲು ಬಂದ ವಿದೇಶಿ ಎಂಜಿನಿಯರೊಬ್ಬ ಬಿಟ್ಟುಹೋದ ಕ್ಯಾಸೆಟ್ ಕೇಳಿ ಕೆಟ್ಟವನು. ಸೋಲ್ ಜಾಜ್ ಎಂದರೆ ಜಾಜ್ ಸಂಗೀತವೇ, ಆದರೆ ಕೇಳುವವನ ಕಾಲು ತಾನಾಗಿ ತಾಳ ಹಾಕಬೇಕು ಎಂದು ಅವನ ವಿವರಣೆ. ಕೃಷ್ಣಗಿರಿಯವರೆಗೆ ಅವನಿಗೆ ಎದುರಾಳಿ ಇರಲಿಲ್ಲ. ಕೇಳುಗನೂ ಇರಲಿಲ್ಲ.

ಅವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಒಂದು ದಿನ ಷರತ್ತು ಹಾಕಿದರು: "ನಿಮ್ಮ ಹೆಸರಲ್ಲಿ ಒಂದು ರೆಕಾರ್ಡು ಬರ್ಲಿ, ಅದನ್ನ ಜನ ಕೇಳ್ಲಿ. ಯುಗಾದಿವರ್ಗೂ ನೋಡ್ತೀನಿ. ಆಗ್ಲಿಲ್ವಾ, ಗಿಟಾರು ಕೊಟ್ಟು ಹೊಲಿಗೆ ಮಿಷನ್ ತತ್ತೀನಿ."

ಅಲ್ಲಿಂದ ಅವನ ರೆಕಾರ್ಡಿಂಗ್ ಜೀವನ ಶುರುವಾಯಿತು.

ಅಮ್ಮನವರ ಕ್ಯಾಸೆಟ್

ಬೇರಿಕೆಯ ಗೊಬ್ಬರದಂಗಡಿ ಯಜಮಾನರೊಬ್ಬರು ಅಮ್ಮನವರ ಭಕ್ತಿಗೀತೆಗಳ ಕ್ಯಾಸೆಟ್ ಮಾಡಿಸುತ್ತಿದ್ದರು. ನಮ್ಮ ಗಡಿಯ ಪದ್ಧತಿಯಂತೆ ಸಂಗೀತ ಒಂದೇ ಸಲ ರೆಕಾರ್ಡ್ ಆಗುತ್ತದೆ; ಅದರ ಮೇಲೆ ಕನ್ನಡಕ್ಕೊಬ್ಬರು, ತಮಿಳಿಗೊಬ್ಬರು, ತೆಲುಗಿಗೊಬ್ಬರು ಹಾಡಿ ಹೋಗುತ್ತಾರೆ. ಗಿಟಾರಣ್ಣ ಕಣ್ಣು ಮುಚ್ಚಿ ನುಡಿಸಿದ. ಯಜಮಾನರು ಕಣ್ಣು ಬಿಟ್ಟು ಕೇಳಿದರು.

"ಭಾಳ ಚೆನ್ನಾಗೈತಪ್ಪ. ಆದ್ರೆ ಅಮ್ನೋರು ಕಾಲ್ ಮೇಲೆ ಕಾಲ್ ಹಾಕ್ಕೊಂಡು ಕೂತಂಗೆ ಕಾಣ್ತದೆ. ವಸಿ ತಗ್ಸು."

ತಗ್ಗಿಸಿದರು. ಕನ್ನಡದ ಕ್ಯಾಸೆಟ್ಟಿನಲ್ಲಿ ಗಿಟಾರನ್ನು ತಮಟೆ ನುಂಗಿತು, ತಮಿಳಿನದರಲ್ಲಿ ನಾದಸ್ವರ, ತೆಲುಗಿನದರಲ್ಲಿ ಗಂಟೆ. ಹೆಸರು ಮಾತ್ರ ಮೂರು ಲಿಪಿಯಲ್ಲೂ ದಪ್ಪಗೆ ಅಚ್ಚಾಗಿತ್ತು.

"ಹೆಸರೇನೋ ಐತೆ. ಜನ ಕೇಳ್ಬೇಕು ಅಂದಿದ್ದೆ" ಎಂದರು ಅತ್ತಿಗೆ.

ಮೂರು ಭಾಷೆಯಲ್ಲೂ ಕೇಳಿಸದ ಕಲಾವಿದ ಈ ಭಾಗದಲ್ಲಿ ಅವನೊಬ್ಬನೇ ಎಂಬ ದಾಖಲೆಯನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ.

ಸ್ಟುಡಿಯೋ

"ನಮ್ದೇ ಸೀಡಿ ಮಾಡೋಣ ಕಣ್ಲಾ" ಎಂದ ಗಿಟಾರಣ್ಣ. "ನೀನೇ ರೆಕಾರ್ಡ್ ಮಾಡು."

"ನಾನು ಬಿಎಸ್ಸಿ ಅಣ್ಣ."

"ಫಿಜಿಕ್ಸ್ ತಾನೇ? ಸೌಂಡು ಅದ್ರಾಗೇ ಬರೋದು."

ವಾದಿಸಲು ಜಾಗವಿರಲಿಲ್ಲ. ನನ್ನ ಬಳಿ ಒಂದು ಕಂಪ್ಯೂಟರ್ ಇತ್ತು. ಪ್ರತಿಧ್ವನಿ ತಡೆಯಲು ಗೋಡೆಗೆ ಮೆತ್ತನೆಯದೇನಾದರೂ ಬೇಕು ಎಂಬುದು ಗೊತ್ತಿತ್ತು. ನನ್ನ ಪದವಿಯಿಂದ ಸಿಕ್ಕ ಏಕೈಕ ಪ್ರಯೋಜನ ಅದು. ಮನೆಯ ಹಾಸಿಗೆ, ರಗ್ಗು, ಕೌದಿ ಎಲ್ಲವನ್ನೂ ಗೋಡೆಗೆ ನೇತುಹಾಕಿದೆವು. ತೊಂದರೆ ವಠಾರದ ಸದ್ದಿನದು. ಕುಕ್ಕರ್ ವಿಸಿಲ್, ಕೊಡಪಾನ, ಬಾಗಿಲಲ್ಲಿ ನಿಂತು ಮಾತಾಡುವವರು. ಒಂದು ಹಾಡೂ ಪೂರ್ತಿ ಆಗಲಿಲ್ಲ.

ಅಷ್ಟರಲ್ಲಿ ಮನೆ ಓನರಮ್ಮ ಇಣುಕಿ ನೋಡಿದರು. ಗೋಡೆ ತುಂಬ ಹಾಸಿಗೆ.

"ಅಯ್ಯಯ್ಯೋ, ತಿಗಣೆ ಬಿದ್ದೈತಾ?"

ಗಿಟಾರಣ್ಣ ಅಲ್ಲವೆನ್ನಲು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಸಂಜೆಯೊಳಗೆ ಸುದ್ದಿ ಬೀದಿ ಮುಟ್ಟಿತು. ಹಾಲಿನವನು ದೂರದಲ್ಲೇ ಪ್ಯಾಕೆಟ್ ಇಟ್ಟು ಹೋದ. ಅಕ್ಕಪಕ್ಕದವರು ಮಕ್ಕಳನ್ನು ಕರೆದುಕೊಂಡು ನೆಂಟರ ಮನೆ ಸೇರಿದರು. ಎಷ್ಟು ದುಡ್ಡು ಸುರಿದರೂ ದೊಡ್ಡ ಊರಿನಲ್ಲಿ ಸಿಗದಂಥ ನಿಶ್ಶಬ್ದವನ್ನು ನಮಗೆ ತಿಗಣೆಗಳು ಒದಗಿಸಿದವು, ಅದೂ ಹುಟ್ಟದೆಯೇ.

ಅಂಚೆಟ್ಟಿಯ ರಸಿಕರು

ಸೀಡಿಗಳನ್ನು ರಟ್ಟಿನ ಡಬ್ಬದಲ್ಲಿ ತುಂಬಿ ಮಂಚದ ಕೆಳಗಿಟ್ಟೆವು. ಅವು ಅಲ್ಲೇ ಇದ್ದವು. ಅತ್ತಿಗೆ ಕಸ ಗುಡಿಸುವಾಗಲೆಲ್ಲ ಡಬ್ಬವನ್ನು ಎಳೆದು, ತೂಕ ನೋಡಿ, ಮತ್ತೆ ತಳ್ಳುತ್ತಿದ್ದರು.

ಅಂಚೆಟ್ಟಿಯಲ್ಲಿ ಯುವಕ ಸಂಘದವರು ಮಧ್ಯಾಹ್ನ ಗಿಟಾರಣ್ಣನಿಗೊಂದು ಕಾರ್ಯಕ್ರಮ ಕೊಟ್ಟರು. ಅಲ್ಲಿ ನುಡಿಸಿ, ಅಲ್ಲೇ ಮಾರುವುದು ನಮ್ಮ ಯೋಜನೆ. ಜನ ಬೆಟ್ಟ ಇಳಿದು ನಡೆದು ಬಂದು ಕೂತರು. ಗಿಟಾರಣ್ಣ ತನ್ನ ಅತಿ ಉದ್ದದ ಹಾಡನ್ನು ಎತ್ತಿಕೊಂಡ. ಯಾರೂ ಕೆಮ್ಮಲೂ ಇಲ್ಲ. ಅವನ ಕಣ್ಣು ಒದ್ದೆಯಾಯಿತು.

ಮುಗಿದ ಮೇಲೆ ಮುಂದಿನ ಸಾಲಿನ ತಾತನೊಬ್ಬ ಕೇಳಿದ, "ಶ್ರುತಿ ಕೂಡ್ತಾ ಮಗಾ?"

ಗಿಟಾರಣ್ಣ ನನ್ನ ಕಡೆ ನೋಡಿದ.

"ಕೂಡ್ನಿಲ್ವಾ? ನಿಧಾನಕ್ಕೆ ಮಾಡ್ಕೊ. ಆಮೇಲೆ ಹಾಡು ಶುರು ಮಾಡುವಂತೆ. ಬಸ್ಸು ಬರೋಕೆ ಇನ್ನೂ ಭಾಳ ಹೊತ್ತೈತೆ."

ಪಂಕ್ತಿ

ಯುಗಾದಿ ಹತ್ತಿರವಾಯಿತು. ಅತ್ತಿಗೆ ಹೊಲಿಗೆ ಮಿಷನ್ ಇಡಲು ಕಿಟಕಿ ಪಕ್ಕ ಜಾಗ ಖಾಲಿ ಮಾಡಿದರು. ಗಿಟಾರಣ್ಣ ಕೈಗೆ ಸಿಕ್ಕವರಿಗೆಲ್ಲ ಸೀಡಿ ಹಂಚತೊಡಗಿದ. ಅದರಲ್ಲೊಂದು ಬಾಗಲೂರು ರಸ್ತೆಯ ಕಲ್ಯಾಣ ಮಂಟಪದ ಮ್ಯಾನೇಜರಿಗೂ ಹೋಯಿತು.

ವಾರ ಕಳೆಯುವುದರೊಳಗೆ ಮ್ಯಾನೇಜರ್ ಫೋನ್ ಮಾಡಿ ಇನ್ನಷ್ಟು ಕೇಳಿದರು. ಬೇರೆ ಮಂಟಪದವರೂ ಕೇಳಿದರು. ಕೃಷ್ಣಗಿರಿಯಿಂದಲೂ ಕೇಳಿದರು. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ನಂಬಿದವನು ನಾನು, ಹೋಗಿ ವಿಚಾರಿಸಿದೆ.

"ಸಿನಿಮಾ ಹಾಡು ಹಾಕಿದ್ರೆ ಜನ ತಲೆ ಆಡಿಸ್ಕೊಂಡು ಎಲೆ ಮುಂದೇನೇ ಕೂತ್ಬುಡ್ತಾರೆ ಸಾರ್" ಎಂದರು ಮ್ಯಾನೇಜರ್. "ಮುಂದಿನ ಪಂಕ್ತಿಯೋರು ಬೆನ್ ಹಿಂದೆ ನಿಂತಿರ್ತಾರೆ. ಇದು ಹಾಕಿದ್ರೆ ಕಾಲು ಆಡ್ತದೆ, ಕೈ ಬೇಗ ಓಡ್ತದೆ, ಪಂಕ್ತಿ ಎದ್ದೋಯ್ತದೆ."

ಮನೆಗೆ ಬಂದು, "ಜನ ಎದ್ದು ನಿಲ್ತಾರಂತೆ ಅಣ್ಣ" ಎಂದೆ. ಅಷ್ಟೇ ಹೇಳಿದೆ.

ಡಬ್ಬ ಖಾಲಿಯಾಯಿತು. ಅತ್ತಿಗೆಗೆ ನಂಬಿಕೆ ಬರಲಿಲ್ಲ. "ನಾನೇ ಕಣ್ಣಾರೆ ನೋಡ್ಬೇಕು" ಎಂದು ತಮ್ಮ ನೆಂಟರ ಮದುವೆಯೊಂದಕ್ಕೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಮೂವರೂ ಸಾಲಾಗಿ ಊಟಕ್ಕೆ ಕೂತೆವು. ಸ್ಪೀಕರಿನಲ್ಲಿ ಗಿಟಾರಣ್ಣನದೇ ಸೀಡಿ. ಅವನು ಕಣ್ಣು ಮುಚ್ಚಿದ. ಹಾಡಿನ ಮೇಲೆ ಹಾಡು ಹೋಯಿತು. ಅವನ ಎಲೆಯ ಮೇಲಿನ ಅನ್ನ ಹಾಗೇ ಇತ್ತು.

ಬಡಿಸುವವನು ಬಕೆಟ್ ಹಿಡಿದು ಬಂದು ನಿಂತ.

"ಏನಣ್ಣ, ಇನ್ನೂ ಸಾರಲ್ಲೇ ಇದ್ದೀಯಾ? ಹಾಡು ಕೇಳಿಸ್ತಿಲ್ವಾ?"

"ಕೇಳಿಸ್ತೈತೆ. ಅದಕ್ಕೇ ಊಟ ಸೇರ್ತಿಲ್ಲ."

"ಇದು ಮಜ್ಜಿಗೆ ಹಾಡಣ್ಣ. ಪಾಯಸದ ಹಾಡು ಆಗ್ಲೇ ಮುಗ್ದೋಯ್ತು."

ಗಿಟಾರಣ್ಣನ ಮುಖ ಇಳಿಯಿತು. ಮೆಲ್ಲಗೆ ಹೇಳಿದ, "ಈ ಹಾಡು ಮಾಡ್ದೋನು ನಾನೇ ಕಣಪ್ಪ."

ಬಡಿಸುವವನು ಬಕೆಟ್ ಕೆಳಗಿಟ್ಟು ಕೈ ಮುಗಿದ. "ಅಣ್ಣಾ, ನೀವಾ! ಒಂದುಪಕಾರ ಮಾಡಿ. ಪಾಯಸದ ಹಾಡು ವಸಿ ಗಿಡ್ಡ ಆಯ್ತು. ಎರಡನೇ ಸಲ ಬಡ್ಸೋಕೆ ಆಯ್ತಿಲ್ಲ. ಮುಂದಿನ ಸೀಡೀಲಿ ಉದ್ದ ಮಾಡ್ಬುಡಿ."

ಗಿಟಾರಣ್ಣ ಹೆಂಡತಿಯ ಕಡೆ ತಿರುಗಲು ಧೈರ್ಯವಿಲ್ಲದೆ ಎಲೆ ನೋಡುತ್ತ ಕೂತ. ಉತ್ತರ ಕೊಟ್ಟವರು ಅತ್ತಿಗೆ:

"ಮಾಡ್ತಾರೆ ಕಣಪ್ಪ, ನಾನು ಕೂರ್ಸಿ ಮಾಡುಸ್ತೀನಿ. ನಂಗೂ ಪಾಯಸ ಸಾಲ್ನಿಲ್ಲ."